ಬಚ್ಚಲುಮನೆಯ ಕದ

ಕುಮಾರ ಪಾರ್ಕಿನ ನಮ್ಮ ಹಳೆಯ ಮನೆಯಲ್ಲಿ ಕಳೆದ ಮಳೆಗಾಲದ ಒಂದು ಬೆಳಗ್ಗೆ, ಎಂಬತ್ತನ್ನು ದಾಟಿದ ನಮ್ಮ ಸೋದರತ್ತೆಯವರು ಬಚ್ಚಲುಮನೆಯಲ್ಲಿ ಕಾಲು ಜಾರಿ ಬಿದ್ದರು. ಬಿದ್ದವರು ಬಾಗಿಲಿಗೆ ಒರಗಿದಂತೆಯೇ ಬಿದ್ದರು. ಆ ಕದವಾದರೋ ಒಳಕ್ಕೆ ತೆರೆಯತಕ್ಕದ್ದು. ಅವರು ಚಿಲಕ ಹಾಕಿರಲಿಲ್ಲ. ಆದರೂ ನಾವು ಹೊರಗಿನಿಂದ ತಳ್ಳಿದಷ್ಟೂ ಕದವು ಅವರ ಬೆನ್ನಿಗೇ ಒತ್ತುತ್ತಿದ್ದಿತು. ತಳ್ಳಿದರೆ ಅವರಿಗೆ ನೋವು, ತಳ್ಳದಿದ್ದರೆ ಒಳಗೆ ಹೋಗುವಂತಿಲ್ಲ. ಕೊನೆಗೆ ನೆರೆಮನೆಯ ಹುಡುಗನೊಬ್ಬನು ಹಿತ್ತಲಿನ ಕಡೆಯಿಂದ ಏಣಿ ಹಾಕಿ, ಗವಾಕ್ಷಿಯ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಕಳಚಿ ಒಳಗಿಳಿದು, ಅವರನ್ನು ಮೆಲ್ಲನೆ ಆಚೆಗೆ ಸರಿಸಿದ ಮೇಲೆಯೇ ಬಾಗಿಲು ತೆರೆಯಿತು. ಮಣಿಕಟ್ಟಿನ ಮೂಳೆ ಮುರಿದಿತ್ತು. ಅರ್ಧ ಗಂಟೆಯ ಕಾಲ ಅವರು ತಣ್ಣನೆಯ ನೆಲದ ಮೇಲೆಯೇ ಇದ್ದರು.

ಊರು ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮಗೇ ಅನ್ವಯಿಸಿತು. ವಾಚಕರಿಗೆ ಹಾಗಾಗದಿರಲೆಂದು ಈ ತಿಂಗಳು ಈ ಅಂಕಣವನ್ನು ಬಚ್ಚಲುಮನೆಯ ಕದಕ್ಕೆ ಮೀಸಲಿಟ್ಟಿದ್ದೇವೆ. ಬೀಳುವುದರಿಂದ ಲೋಕದಲ್ಲಿ ಪ್ರತಿ ವರ್ಷವೂ ಸುಮಾರು 6,84,000 ಮಂದಿ ಮರಣ ಹೊಂದುವರೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಅಂದಾಜು ಮಾಡಿತು; ಹೆಚ್ಚಿನ ಅಪಾಯವು ಅರವತ್ತು ಮೀರಿದವರಿಗೆ. ಬೀಳುವುದನ್ನು ಪೂರ್ತಿಯಾಗಿ ತಡೆಯುವುದು ನಮ್ಮ ಕೈಯಲ್ಲಿಲ್ಲ. ಬಿದ್ದವರ ಬಳಿಗೆ ಬೇಗ ತಲುಪುವುದು ಮಾತ್ರ ನಮ್ಮ ಕೈಯಲ್ಲಿದೆ. ಕದವು ಹೊರಕ್ಕೆ ತೆರೆಯುವಂತಿದ್ದರೆ ಆ ಕೆಲಸ ಕ್ಷಣಮಾತ್ರದ್ದು.

ನಮ್ಮ ಕದದ ಕೆಳಭಾಗವು ನೀರು ಕುಡಿದು ಕೊಳೆತಿದ್ದುದರಿಂದ ಹೊಸ ಕದವನ್ನೇ ಮಾಡಿಸಿದೆವು. ಕೂರಿಸಲು ಬರುವೆನೆಂದ ಬಡಗಿಯು ಎರಡು ವಾರ ಬರಲಿಲ್ಲ. ಆದಕಾರಣ ನಾವೂ ನಮ್ಮ ಮಗನೂ ಒಂದು ಭಾನುವಾರ ಆ ಕೆಲಸವನ್ನು ಕೈಗೆತ್ತಿಕೊಂಡೆವು. ಬೇಕಾದ ಉಪಕರಣಗಳು ಇಷ್ಟೇ: ಅಳತೆಯ ಪಟ್ಟಿ, ತೂಗುಗುಂಡು, ಮೂಲೆಮಟ್ಟ, ಚೂಪಾದ ಉಳಿ, ಕೊಡತಿ, ಕೀಸುಳಿ, ಬೈರಿಗೆ, ತಿರುಪುಳಿ ಮತ್ತು ನಾಲ್ಕಾರು ಮರದ ಬೆಣೆಗಳು.

ಪೂರ್ವದಲ್ಲಿ ನಮ್ಮ ನಾಡಿನ ದೊಡ್ಡ ಕದಗಳು ಕೀಲುಗಳ ಮೇಲೆ ತೂಗುತ್ತಿರಲಿಲ್ಲ. ಕದದ ಮರದಲ್ಲೇ ಮೇಲೊಂದು ಕೆಳಗೊಂದು ಗೂಟವಿದ್ದು, ಹೊಸ್ತಿಲ ಕುಳಿಯಲ್ಲಿಯೂ ಮೇಲಣ ಕುಳಿಯಲ್ಲಿಯೂ ಅವು ತಿರುಗುತ್ತಿದ್ದವು. ಭಾರವೆಲ್ಲವನ್ನೂ ಹೊಸ್ತಿಲೇ ಹೊರುತ್ತಿತ್ತು. ಈಗಿನ ಎರಡು ರೆಕ್ಕೆಯ ಕೀಲು, ಬಡಗಿಗಳ ಬಾಯಲ್ಲಿ ಹಿಂಜಸ್ಸು, ಎರಕದ ಕಬ್ಬಿಣದಲ್ಲಿ ಇಂಗ್ಲೆಂಡಿನಲ್ಲಿ 1775ರಲ್ಲಿ ಪೇಟೆಂಟು ಪಡೆದು, ಅನಂತರ ಎಲ್ಲೆಡೆಯೂ ಹರಡಿತು. ಇದರಲ್ಲಿ ಭಾರವನ್ನು ಹೊರುವುದು ಹೊಸ್ತಿಲಲ್ಲ, ಪಕ್ಕದ ನಿಲುವುಮರ. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗಿ ತಿಳಿಯುವುದು.

ಮೊದಲು ನಿರ್ಧರಿಸತಕ್ಕದ್ದು ಕೀಲುಗಳು ಯಾವ ಪಕ್ಕಕ್ಕೆ ಎಂಬುದು. ತೆರೆದ ಕದವು ಗೋಡೆಗೆ ಒರಗಿ ನಿಲ್ಲಬೇಕೇ ಹೊರತು, ಓಣಿಯಲ್ಲಿ ನಡೆದುಬರುವವರ ಮುಖಕ್ಕೆ ಬಡಿಯಬಾರದು. ಅನಂತರ ನಿಲುವುಮರಕ್ಕೆ ತೂಗುಗುಂಡನ್ನು ಇಳಿಬಿಟ್ಟು, ಅದು ನೆಟ್ಟಗಿದೆಯೇ ಎಂದು ನೋಡತಕ್ಕದ್ದು. ಮರವು ಓರೆಯಾಗಿದ್ದರೆ ಕದವು ತಾನಾಗಿಯೇ ತೆರೆದುಕೊಳ್ಳುವುದು, ಇಲ್ಲವೇ ಮುಚ್ಚಿಕೊಳ್ಳುವುದು. ಬಾಗಿಲುವಾಡದ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದು, ಎರಡು ಅಳತೆಗಳೂ ಸಮವಾಗಿದ್ದರೆ ಚೌಕವು ಸರಿಯಾಗಿದೆ ಎಂದರ್ಥ.

ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಅಳೆದು, ಅತಿ ಕಡಿಮೆಯಾದುದನ್ನೇ ಲೆಕ್ಕಕ್ಕೆ ಹಿಡಿಯಿರಿ. ಎರಡು ಪಕ್ಕಗಳಲ್ಲಿಯೂ ತಲೆಯ ಮೇಲೆಯೂ ಸುಮಾರು 3 ಮಿಲಿಮೀಟರು ಸಂದು ಬಿಡಬೇಕು. ಎಂದರೆ ಒಂದು ರೂಪಾಯಿಯ ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟಷ್ಟು. ಕೆಳಗೆ 10 ಅಥವಾ 12 ಮಿಲಿಮೀಟರು ಬಿಡುವುದು ಮೇಲು. ಹೊರಗೆ ಹಾಸಿರುವ ಕಾಲೊರಸಿನ ಮೇಲೆ ಕದವು ತಡೆಯಿಲ್ಲದೆ ಹಾಯಬೇಕೆಂಬುದನ್ನು ಮರೆಯಬಾರದು. ನಾವು ಮರೆತು, ಒಂದು ಸಲ ಕೂರಿಸಿದ ಕದವನ್ನು ಮತ್ತೆ ಬಿಚ್ಚಬೇಕಾಯಿತು.

ಒಳಕ್ಕೆ ತೆರೆಯುತ್ತಿದ್ದ ಬಾಗಿಲಿನಲ್ಲಿ ಕದ ಕೂರುವ ತೋಡು ಒಳಮಗ್ಗುಲಿಗಿರುವುದಷ್ಟೆ. ಹೊರಕ್ಕೆ ತಿರುಗಿಸುವಾಗ ಆ ತೋಡು ಉಪಯೋಗಕ್ಕೆ ಬಾರದು. ಹೊರಗಣ ಅಂಚಿಗೆ ಸಮನಾಗಿ ಕದವು ನಿಲ್ಲುವಂತೆ ಮಾಡಿ, ಅದರ ಹಿಂದೆ ಬಾಗಿಲುವಾಡಕ್ಕೆ ಅರ್ಧ ಅಂಗುಲ ದಪ್ಪದ ರೀಪಿನ ತಡೆಪಟ್ಟಿಯನ್ನು ಹೊಡೆಯಬೇಕು. ತೋಡಿಲ್ಲದ ಕಡೆ ಬಾಗಿಲುವಾಡವು ಒಳಗಿನಿಂದ ಕಿರಿದಾಗಿರುವುದರಿಂದ, ಹಳೆಯ ಕದದ ಅಳತೆಯನ್ನೇ ಬಡಗಿಗೆ ಕೊಟ್ಟರೆ ಹೊಸ ಕದವು ಹಿಡಿಸದು. ತಡೆಪಟ್ಟಿಯನ್ನು ಎಲ್ಲಕ್ಕಿಂತ ಕೊನೆಯಲ್ಲಿ, ಕದವನ್ನು ಕೂರಿಸಿ ಮುಚ್ಚಿ ನೋಡಿದ ಮೇಲೆ ಹೊಡೆಯುವುದು ಕ್ಷೇಮ.

ಕೀಲುಗಳು ನಾಲ್ಕು ಅಂಗುಲದವು ಮೂರು ಬೇಕು. ಮೇಲಿನದು ಕದದ ತಲೆಯಿಂದ ಆರು ಏಳು ಅಂಗುಲ ಕೆಳಗೆ, ಕೆಳಗಿನದು ಬುಡದಿಂದ ಹತ್ತು ಅಂಗುಲ ಮೇಲೆ, ಮೂರನೆಯದು ಇವೆರಡರ ನಡುವೆ. ಮೇಲಿನ ಕೀಲಿಗೆ ಶ್ರಮ ಹೆಚ್ಚು. ಕದದ ತೂಕ 20 ಕಿಲೋಗ್ರಾಂ, ಅಗಲ 75 ಸೆಂಟಿಮೀಟರು, ಮೇಲಿನ ಮತ್ತು ಕೆಳಗಿನ ಕೀಲುಗಳ ಅಂತರ 150 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ನಡುವಣ ಕೀಲನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 5 ಕಿಲೋಗ್ರಾಂ ತೂಕದಷ್ಟು ಬಲವು ಮೇಲಿನ ಕೀಲನ್ನು ನಿಲುವುಮರದಿಂದ ಹಗಲಿರುಳೂ ಕೀಳುತ್ತಿರುವುದು. ಕೆಳಗಿನದನ್ನು ಅಷ್ಟೇ ಬಲವು ಮರಕ್ಕೆ ಒತ್ತುತ್ತಿರುವುದು. ಕೀಲುಗಳು ಪರಸ್ಪರ ಹತ್ತಿರವಾದಷ್ಟೂ ಈ ಬಲವು ಹೆಚ್ಚುವುದು. ಹಳೆಯ ಕದಗಳು ಚಿಲಕದ ಪಕ್ಕದಲ್ಲಿ ಜೋತು ನೆಲವನ್ನು ಕೆರೆಯುವುದಕ್ಕೆ ಮೇಲಿನ ಕೀಲಿನ ತಿರುಪುಮೊಳೆಗಳು ಸಡಿಲವಾಗುವುದೇ ಸಾಮಾನ್ಯ ಕಾರಣ. ಅಂಥಲ್ಲಿ ತೂತಿಗೆ ಬಿದಿರಿನ ಕಡ್ಡಿಯನ್ನು ಮರದ ಅಂಟಿನೊಡನೆ ಬಡಿದು ತುಂಬಿ, ಒಣಗಿದ ಮೇಲೆ ಮತ್ತೆ ತಿರುಪಿದರೆ ಸಾಕು.

ಕೃಷ್ಣರಾಜೇಂದ್ರ ಮಾರುಕಟ್ಟೆಯ ಆಸುಪಾಸಿನ ಕಬ್ಬಿಣದ ಅಂಗಡಿಗಳಲ್ಲಿ, ನಡುವಣ ಸರಳನ್ನು ಮೇಲಕ್ಕೆ ಎಳೆದು ತೆಗೆಯಬಹುದಾದ ಕೀಲುಗಳನ್ನೇ ಕೇಳಿ ತನ್ನಿ. ಹೊರಕ್ಕೆ ತೆರೆಯುವ ಕದದಲ್ಲಿ ಕೀಲಿನ ಗೆಣ್ಣುಗಳು ಹೊರಗಿರುವುವು. ಒಳಗಿನವರು ಚಿಲಕ ಹಾಕಿಕೊಂಡೇ ಬಿದ್ದರೂ, ಹೊರಗಿನವರು ಸರಳುಗಳನ್ನು ತೆಗೆದು ಕದವನ್ನೇ ಕಳಚಬಹುದು. ಬೀದಿಯ ಬಾಗಿಲಿಗೆ ಇದೇ ಗುಣವು ಕಳ್ಳನಿಗೆ ಅನುಕೂಲವಾದೀತು. ಅಲ್ಲಿ ಈ ಬಗೆಯ ಕೀಲು ಕೂಡದು. ಕಬ್ಬಿಣವು ನೀರಿನಲ್ಲಿ ತುಕ್ಕು ಹಿಡಿಯುವುದರಿಂದ ಹಿತ್ತಾಳೆಯ ಅಥವಾ ತುಕ್ಕು ಹಿಡಿಯದ ಉಕ್ಕಿನ ಕೀಲುಗಳೇ ಬಚ್ಚಲಿಗೆ ತಕ್ಕವು.

ಕೀಲಿನ ರೆಕ್ಕೆಯನ್ನು ಕದದ ಅಂಚಿನ ಮೇಲಿಟ್ಟು, ಸುತ್ತಲೂ ಚಾಕುವಿನ ಮೊನೆಯಿಂದ ಗೀರಿ, ರೆಕ್ಕೆಯ ದಪ್ಪದಷ್ಟೇ ಆಳಕ್ಕೆ ಉಳಿಯಿಂದ ಕೆತ್ತಬೇಕು. ಹೆಚ್ಚು ಆಳವಾದರೆ ಕದದ ಅಂಚು ನಿಲುವುಮರಕ್ಕೆ ತಗುಲಿ, ಮುಚ್ಚುವಾಗ ಸಿಡಿದು ಹಿಂದಕ್ಕೆ ಬರುವುದು. ನಮ್ಮ ಮಗನು ಒಂದೆಡೆ ಹೀಗೆಯೇ ಕೆತ್ತಿದನು. ಹಳೆಯ ಮದುವೆಯ ಕರೆಯೋಲೆಯೊಂದರ ದಪ್ಪ ಕಾಗದವನ್ನು ಕತ್ತರಿಸಿ ರೆಕ್ಕೆಯ ಹಿಂದೆ ಇಟ್ಟೆವು, ದೋಷವು ಪರಿಹಾರವಾಯಿತು. ತಿರುಪುಮೊಳೆಗೆ ಮೊದಲು ಅದಕ್ಕಿಂತ ಸಣ್ಣ ತೂತನ್ನು ಬೈರಿಗೆಯಿಂದ ಕೊರೆದು, ಮೊಳೆಗೆ ಸಾಬೂನು ಸವರಿ ತಿರುಪಬೇಕು. ಹಿತ್ತಾಳೆಯ ಮೊಳೆಗಳು ಮೃದು. ಗಟ್ಟಿ ಮರದಲ್ಲಿ ಮುರಿಯುವುವು. ಮೊದಲು ಅದೇ ಅಳತೆಯ ಉಕ್ಕಿನ ಮೊಳೆಯನ್ನು ತಿರುಪಿ ದಾರಿ ಮಾಡಿ, ಅದನ್ನು ತೆಗೆದು ಹಿತ್ತಾಳೆಯದನ್ನು ಹಾಕತಕ್ಕದ್ದು.

ಕೀಲುಗಳನ್ನು ಕದಕ್ಕೆ ಜೋಡಿಸಿಯಾದ ಮೇಲೆ ಕದವನ್ನು ಅದರ ಸ್ಥಾನದಲ್ಲಿ ಬೆಣೆಗಳ ಮೇಲೆ ನಿಲ್ಲಿಸಿ, ಸಂದುಗಳನ್ನು ನಾಣ್ಯಗಳಿಂದ ಪರೀಕ್ಷಿಸಿ, ಕೀಲುಗಳ ಗುರುತನ್ನು ನಿಲುವುಮರಕ್ಕೆ ಇಳಿಸಿಕೊಳ್ಳಿ. ಕದವನ್ನು ತೆಗೆದು, ಗುರುತಿದ್ದಲ್ಲಿ ಕೆತ್ತಿ, ಈ ಸಲ ಕದವನ್ನು ತೆರೆದ ಭಂಗಿಯಲ್ಲಿ ಬೆಣೆಗಳ ಮೇಲೆ ನಿಲ್ಲಿಸಿರಿ. ಒಬ್ಬರು ಹಿಡಿದಿರಲಿ, ಇನ್ನೊಬ್ಬರು ಮೇಲಿನ ಕೀಲಿನಿಂದ ಆರಂಭಿಸಲಿ. ಒಂದೊಂದು ರೆಕ್ಕೆಗೆ ಒಂದೊಂದೇ ಮೊಳೆ ಹಾಕಿ, ಮುಚ್ಚಿ ತೆರೆದು ನೋಡಿ, ಸರಿಯಾದ ಮೇಲೆ ಉಳಿದವನ್ನು ತಿರುಪಿರಿ. ಎಲ್ಲಿಯಾದರೂ ಹಿಡಿದರೆ ಕದದ ಅಂಚಿಗೆ ಸೀಮೆಸುಣ್ಣ ಬಳಿದು ಮುಚ್ಚಿರಿ. ಬಾಗಿಲುವಾಡದ ಮೇಲೆ ಸುಣ್ಣ ಹತ್ತಿದಲ್ಲಿ ದೋಷವಿದೆ. ಚಿಲಕದ ಅಂಚನ್ನು ಒಳಮುಖದ ಕಡೆಗೆ ಕೊಂಚ ಓರೆಯಾಗಿ ಕೀಸಿದರೆ ಕದವು ತಡೆಯಿಲ್ಲದೆ ಒಳಗೆ ಕೂರುವುದು.

ಕೀಸುವ ವಿಷಯದಲ್ಲಿ ಒಂದು ಎಚ್ಚರಿಕೆ. ಮರವು ತೇವದಿಂದ ಉಬ್ಬುವುದು ಅಗಲದಲ್ಲಿ. ಎಳೆಯ ಉದ್ದಕ್ಕೆ ಅದರ ವ್ಯತ್ಯಾಸವು ಅತ್ಯಲ್ಪ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರು ಮಳೆ ಬಿದ್ದರೆ, ಅದರಲ್ಲಿ ಅತಿ ಹೆಚ್ಚಿನ ಪಾಲು ಸೆಪ್ಟೆಂಬರಿನದು. ಆ ತಿಂಗಳಲ್ಲಿ ಬಿಗಿಯಾಯಿತೆಂದು ಕದವನ್ನು ಧಾರಾಳವಾಗಿ ಕೀಸಿದವರು, ಮಾರ್ಚಿಯಲ್ಲಿ ಬೆರಳು ತೂರುವಷ್ಟು ಸಂದನ್ನು ಕಂಡು ಪಶ್ಚಾತ್ತಾಪ ಪಡುವರು. ಕೂರಿಸುವುದಕ್ಕೆ ಮುನ್ನ ಕದದ ಆರು ಮುಖಗಳಿಗೂ, ವಿಶೇಷವಾಗಿ ಯಾರ ಕಣ್ಣಿಗೂ ಬೀಳದ ತಲೆಗೂ ಬುಡಕ್ಕೂ, ಬಣ್ಣ ಬಳಿಯುವುದೇ ಇದಕ್ಕೆ ಮದ್ದು. ನಮ್ಮ ಹಳೆಯ ಕದದ ಬುಡಕ್ಕೆ ಯಾರೂ ಎಂದೂ ಬಣ್ಣ ಕಾಣಿಸಿರಲಿಲ್ಲ.

ಬೆಳಗ್ಗೆ ಒಂಬತ್ತಕ್ಕೆ ಹಿಡಿದ ಕೆಲಸವು ಮುಗಿದಾಗ ಸಂಜೆ ನಾಲ್ಕಾಗಿತ್ತು. ಅತ್ತೆಯವರು ಕಟ್ಟು ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಬಂದು, ಒಳಗೆ ಹೋಗಿ, ಬಾಗಿಲು ಮುಚ್ಚಿಕೊಂಡರು. ಹೊರಗಿದ್ದ ನಮಗೆ ಒಂದು ಕ್ಷಣ ಉಸಿರೇ ನಿಂತಂತಾಯಿತು. ಅವರು ಒಂದು ಬೆರಳಿನಿಂದ ತಳ್ಳಿ ಕದವನ್ನು ತೆರೆದು, "ಹಗುರವಾಗಿದೆ ಕಣಪ್ಪಾ. ಆದರೆ ಈ ಕೆಲಸ ನಿಮ್ಮ ಮಾವನವರಿದ್ದಾಗಲೇ ಆಗಬೇಕಾಗಿತ್ತು" ಎಂದರು. ಮಾವನವರು ತಮ್ಮ ಕೊನೆಯ ವರ್ಷಗಳಲ್ಲಿ ಅದೇ ಬಚ್ಚಲಿನಲ್ಲಿ ಎರಡು ಸಲ ಬಿದ್ದಿದ್ದರೆಂಬುದು ನಮಗೆ ಅಂದೇ ತಿಳಿಯಿತು. ಇಬ್ಬರೂ ಯಾರಿಗೂ ಹೇಳಿರಲಿಲ್ಲ.

ವೃದ್ಧರು ತಾವು ಬಿದ್ದುದನ್ನು ಬಚ್ಚಿಡುವುದು ಸಾಮಾನ್ಯ. ಅವರು ಹೇಳುವವರೆಗೆ ಕಾಯುವುದು ತಕ್ಕುದಲ್ಲ. ವಾಚಕರು ಈ ಸಂಜೆಯೇ ತಮ್ಮ ಮನೆಯ ಬಚ್ಚಲ ಕದವು ಯಾವ ಕಡೆಗೆ ತೆರೆಯುವುದೆಂದು ಒಮ್ಮೆ ನೋಡಲಿ. ಒಳಕ್ಕೆ ತೆರೆಯುವಂತಿದ್ದು, ಮನೆಯಲ್ಲಿ ಹಿರಿಯರಿದ್ದರೆ, ಒಂದು ಭಾನುವಾರವನ್ನು ಅದಕ್ಕಾಗಿ ಎತ್ತಿಡಲಿ.