ಎಂಜಿನ್ನಿನ ಕೆರೆಗೊಬ್ಬ ನೀರುಗಂಟಿ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಮಳೆಯ ಕೃಪೆ ಅಷ್ಟಾಗಿ ಇಲ್ಲದ ಈ ಬಯಲುಸೀಮೆಯವರಿಗೆ ಕೆರೆಯೆಂದರೆ ಬರಿಯ ನೀರಿನ ಹರವಲ್ಲ. ನೀರನ್ನು ತಡೆದು ನಿಲ್ಲಿಸುವ ಏರಿ, ಬೇಕಾದಾಗ ಬೇಕಾದಷ್ಟನ್ನೇ ಬಿಡುವ ತೂಬು, ಮಿತಿಮೀರಿದುದನ್ನು ಹೊರಗೆ ಕಳುಹಿಸುವ ಕೋಡಿ, ಇವೆಲ್ಲವನ್ನೂ ಕಾಯುವ ನೀರುಗಂಟಿ, ಇಷ್ಟೂ ಕೂಡಿದರೆ ಕೆರೆ. ಇದನ್ನು ಬಲ್ಲವರಿಗೆ ಸ್ಪೋರ್ಟ್ಸ್ ಕಾರಿನ ಎಂಜಿನ್ನು ತನ್ನ ಕಾವನ್ನು ಹೇಗೆ ಹದದಲ್ಲಿ ಇಟ್ಟುಕೊಳ್ಳುತ್ತದೆಂದು ತಿಳಿಯುವುದು ಕಷ್ಟವೇನೂ ಅಲ್ಲ. ಅಲ್ಲಿರುವುದೂ ಒಂದು ಕೆರೆಯೇ. ತುಂಬಿರುವುದು ಮಾತ್ರ ಕಾವು.

ಸ್ಪೋರ್ಟ್ಸ್ ಕಾರು ಕನ್ನಡಿಗರಿಗೆ ತೀರ ದೂರದ ವಸ್ತುವಲ್ಲ. 1998ರಲ್ಲಿ ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಸಂಸ್ಥೆಯು ತನ್ನ ಗೋವೆಯ ಕಾರ್ಖಾನೆಯಲ್ಲಿ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಆಸನಗಳ ಪುಟ್ಟ ತೆರೆದ ಕಾರನ್ನು ತಯಾರಿಸಿತು. ಇಂಥ ಕಾರುಗಳ ಅಂದವೇ ಅವುಗಳ ತೊಂದರೆಗೂ ಮೂಲ. ಮೂತಿ ತಗ್ಗು, ಗಾಳಿ ಹೊಗುವ ಬಾಯಿ ಕಿರಿದು, ಎಂಜಿನ್ನಿನ ಸುತ್ತ ಎಡೆ ಕಡಿಮೆ. ವೇಗವಾಗಿ ಓಡುವಾಗ ಗಾಳಿ ತಾನಾಗಿ ನುಗ್ಗಿ ತಂಪು ನೀಡುತ್ತದೆ. ಜಾತ್ರೆಯ ಜನಸಂದಣಿಯಲ್ಲಿಯೋ ರೈಲ್ವೆ ಗೇಟಿನ ಮುಂದೆಯೋ ನಿಂತಾಗ ಫ್ಯಾನೊಂದೇ ಗತಿ.

ಸಿಲಿಂಡರಿನೊಳಗೆ ಉರಿಯುವ ಅನಿಲದ ಉಷ್ಣತೆ 2,000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಅದನ್ನು ಸುತ್ತುವರಿದಿರುವ ಅಲ್ಯೂಮಿನಿಯಮ್ಮೋ 660 ಡಿಗ್ರಿಗೆ ಕರಗುವ ಲೋಹ! ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಮಾತ್ರ ಚಲನೆಯಾಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೋಗುತ್ತದೆ. ಉಳಿದುದನ್ನು ನೀರೂ ಎಣ್ಣೆಯೂ ಹೊತ್ತು ಹೊರಹಾಕಬೇಕು. ಈ ಹೊರೆಯನ್ನು ಇಳಿಸುವ ಸ್ಥಳವೇ ರೇಡಿಯೇಟರು. ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿಗಾಗಿ ಜೇನುಹುಟ್ಟಿನಂಥ ರೇಡಿಯೇಟರನ್ನು ನಿರ್ಮಿಸಿದನು. ಅದರಲ್ಲಿ 6 ಮಿಲಿಮೀಟರ್ ಚೌಕದ 8,070 ಕೊಳವೆಗಳಿದ್ದವು. ಗಾಳಿ ಅವುಗಳೊಳಗೆ, ನೀರು ಅವುಗಳ ಸಂದಿಯಲ್ಲಿ. ಕಾರು ಹೊರಬೇಕಾದ ನೀರು 18 ಲೀಟರಿನಿಂದ 9 ಲೀಟರಿಗೆ ಇಳಿಯಿತು. 1901ರ ಮಾರ್ಚಿಯಲ್ಲಿ ಫ್ರಾನ್ಸಿನ ನೀಸ್ ನಗರದ ಪಂದ್ಯಗಳಲ್ಲಿ ಗೆದ್ದುದು ಇದೇ ಕಾರು.

ಹಾಗಾದರೆ ಎಂಜಿನ್ನನ್ನು ಎಷ್ಟು ತಣ್ಣಗಿಟ್ಟರೆ ಅಷ್ಟು ಒಳಿತೆ? ಬಹುಜನರ ನಂಬಿಕೆ ಹಾಗೆ, ಎಡವುವುದೂ ಅಲ್ಲಿಯೇ. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗದೆ ಸಿಲಿಂಡರಿನ ಗೋಡೆಗೆ ಹತ್ತಿ ಅಲ್ಲಿನ ಎಣ್ಣೆಯನ್ನು ತೊಳೆಯುತ್ತದೆ. ಎಣ್ಣೆ ಮಂದವಾಗಿ ಸಂದುಗಳಿಗೆ ಬೇಗ ತಲುಪದು. ಸವೆತ ಹೆಚ್ಚಿ ಎಂಜಿನ್ನಿನ ಆಯುಸ್ಸು ಕುಗ್ಗುತ್ತದೆ. ಆದುದರಿಂದಲೇ ನೀರಿನ ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ತೂಬನ್ನು ಇಟ್ಟಿದ್ದಾರೆ. ಅದರೊಳಗಿನ ಮೇಣವು ಸಾಮಾನ್ಯವಾಗಿ 82ರಿಂದ 88 ಡಿಗ್ರಿಯಲ್ಲಿ ಕರಗಿ ಹಿಗ್ಗಿ ಬಾಗಿಲನ್ನು ತೆರೆಯುತ್ತದೆ. ಅಲ್ಲಿಯವರೆಗೆ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲಿಯೇ ಸುತ್ತುತ್ತಿರುತ್ತದೆ. ‘ನಮ್ಮ ಸೆಕೆಗೆ ಇದೇಕೆ?’ ಎಂದು ಇದನ್ನು ಕಿತ್ತೆಸೆಯುವ ಮೆಕ್ಯಾನಿಕ್ಕುಗಳುಂಟು. ಬಿಸಿಲು ಹೆಚ್ಚೆಂದು ಕೆರೆಯ ತೂಬನ್ನೇ ಕೀಳುವವರನ್ನು ಊರವರು ಏನೆಂದಾರು? ಕೆಲವು ಎಂಜಿನ್ನುಗಳಲ್ಲಿ ಹೀಗೆ ಮಾಡಿದರೆ ಅಡ್ಡದಾರಿ ತೆರೆದೇ ಉಳಿದು, ನೀರಿನ ಒಂದು ಭಾಗ ರೇಡಿಯೇಟರನ್ನು ಕಾಣದೆಯೇ ಹಿಂದಿರುಗುತ್ತದೆ. ತಂಪಿಗಾಗಿ ಮಾಡಿದ ಕೆಲಸದಿಂದ ಕಾವೇ ಹೆಚ್ಚುತ್ತದೆ!

ಇನ್ನು ಕೋಡಿ. ಸಮುದ್ರಮಟ್ಟದಿಂದ ಸುಮಾರು 700 ಮೀಟರು ಎತ್ತರದಲ್ಲಿ ನೀರು 100 ಡಿಗ್ರಿಯವರೆಗೂ ಕಾಯದೆ 98ರ ಸಮೀಪದಲ್ಲಿಯೇ ಕುದಿಯುತ್ತದೆ. ರೇಡಿಯೇಟರಿನ ಬಿಗಿ ಮುಚ್ಚಳವು ಒಳಗಿನ ಒತ್ತಡವನ್ನು ಹೆಚ್ಚಿಸಿ ಕುದಿಯುವ ಬಿಂದುವನ್ನು ಮೇಲೇರಿಸುತ್ತದೆ. ಒತ್ತಡ ಹೊರಗಿನ ಗಾಳಿಯ ಇಮ್ಮಡಿಯಾದರೆ ಬರಿಯ ನೀರು ಕೂಡ ಸುಮಾರು 120 ಡಿಗ್ರಿಯವರೆಗೆ ಕುದಿಯದು. ಕೂಲೆಂಟ್ ಬೆರೆಸಿದರೆ ಇನ್ನೂ ತಾಳುತ್ತದೆ. ಮಿತಿ ಮೀರಿದಾಗ ಮಾತ್ರ ಮುಚ್ಚಳದ ಸ್ಪ್ರಿಂಗು ಸಡಿಲಿ, ಹೆಚ್ಚಾದುದು ಪಕ್ಕದ ಬಾಟಲಿಗೆ ಹರಿಯುತ್ತದೆ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ಮಾರಿಕಣಿವೆಯ ವಾಣಿವಿಲಾಸ ಸಾಗರ ಪೂರ್ಣವಾದುದು 1907ರಲ್ಲಿ. ಅದು 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ಆ ನಡುವಣ 89 ವರ್ಷ ಕೋಡಿ ವ್ಯರ್ಥವಾಗಿತ್ತೆಂದು ಯಾರೂ ಹೇಳಲಾರರು. ರೇಡಿಯೇಟರಿನ ಮುಚ್ಚಳವೂ ಹಾಗೆಯೇ. ಅದಕ್ಕೆ ಕೆಲಸ ಅಪರೂಪ, ಕೆಟ್ಟರೆ ಅನಾಹುತ.

ಕಡೆಯದಾಗಿ ನೀರುಗಂಟಿ, ಎಂದರೆ ಚಾಲಕ. ಬೆಳಿಗ್ಗೆ ಎಂಜಿನ್ನು ಎಬ್ಬಿಸಿದೊಡನೆ ಅದನ್ನು ಅಬ್ಬರಿಸಬಾರದು. ನೀರು ಬಿಸಿಯಾದರೂ ಎಣ್ಣೆ ಬಿಸಿಯಾಗಲು ಇನ್ನೂ ಕೆಲವು ನಿಮಿಷ ಬೇಕು. ಅಷ್ಟರವರೆಗೆ ಮೆಲ್ಲಗೆ ನಡೆಸುವುದು ಲೇಸು. ಜೋರಾಗಿ ಓಡಿಸಿ ಬಂದ ಬಳಿಕ ಒಂದೆರಡು ನಿಮಿಷ ಮೆಲ್ಲಗೆ ಓಡಲು ಬಿಟ್ಟು ಅನಂತರ ಆರಿಸಬೇಕು. ದಾರಿಯಲ್ಲಿ ಮುಳ್ಳು ಕೆಂಪಿನ ಕಡೆಗೆ ಏರಿದರೆ ಏರ್‌ಕಂಡಿಷನ್ ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿ, ನೆರಳು ನೋಡಿ ನಿಲ್ಲಿಸಬೇಕು. ಹೀಟರು ಚಿಕ್ಕದೊಂದು ರೇಡಿಯೇಟರಾದುದರಿಂದ ಕುಳಿತವರು ಬೆವತರೂ ಎಂಜಿನ್ನು ಉಳಿಯುತ್ತದೆ.

ಆಗ ಮುಚ್ಚಳವನ್ನು ಮಾತ್ರ ಮುಟ್ಟಬಾರದು. 110 ಡಿಗ್ರಿಯ ನೀರಿನ ಮೇಲಣ ಒತ್ತಡವನ್ನು ತೆಗೆದ ಕ್ಷಣದಲ್ಲಿಯೇ ಅದು ಹಬೆಯಾಗಿ ಚಿಮ್ಮಿ ಮುಖವನ್ನೂ ಕಣ್ಣನ್ನೂ ಸುಡುತ್ತದೆ. ಮಕ್ಕಳು ಕುತೂಹಲದಿಂದ ಬಾನೆಟ್ಟಿನ ಬಳಿ ನಿಂತಿದ್ದರಂತೂ ಕೇಳುವುದೇ ಬೇಡ. ಕಾದ ಎಂಜಿನ್ನಿಗೆ ತಣ್ಣೀರು ಹೊಯ್ಯುವುದೂ ಬೇಡ, ಲೋಹ ಸೀಳಬಹುದು. ಅರ್ಧ ಗಂಟೆಯೋ ಅದಕ್ಕೂ ಹೆಚ್ಚೋ ಕಾದು, ಮೇಲಿನ ಕೊಳವೆ ಕೈಗೆ ತಣ್ಣಗಾದ ಬಳಿಕವೇ ಮುಚ್ಚಳದ ಮಾತು.

ಮುಳ್ಳನ್ನೇ ಪೂರ್ತಿಯಾಗಿ ನಂಬುವಂತೆಯೂ ಇಲ್ಲ. ಈಗಿನ ಅನೇಕ ಕಾರುಗಳಲ್ಲಿ ಅದು ಬಹು ದೂರದವರೆಗೆ ನಡುವಿನಲ್ಲಿಯೇ ನಿಂತಿದ್ದು, ಅಪಾಯ ಹತ್ತಿರವಾದ ಮೇಲೆ ಒಮ್ಮೆಲೇ ಏರುತ್ತದೆ. ನೀರುಗಂಟಿ ಬರವನ್ನು ತಿಳಿಯುವುದು ತೂಬಿನ ಮುಂದೆ ನಿಂತು ನೀರಿನ ಮಟ್ಟವನ್ನು ಕಣ್ಣಾರೆ ನೋಡಿ. ಪ್ರಯಾಣದ ದಿನ ಬೆಳಿಗ್ಗೆ, ಎಂಜಿನ್ನು ತಣ್ಣಗಿರುವಾಗ, ಆ ಪಕ್ಕದ ಬಾಟಲಿಯ ಎರಡು ಗೆರೆಗಳ ನಡುವೆ ನೀರಿದೆಯೇ ಎಂದು ನೋಡುವುದಕ್ಕೆ ಅರ್ಧ ನಿಮಿಷ ಸಾಕು.