ಬೆಳಿಗ್ಗೆ ಬಿಟ್ಟ ಜ್ವರ ಸಂಜೆಗೆ ಮತ್ತೆ ಏಕೆ?

ತೆಕ್ಕಟ್ಟೆಯಲ್ಲಿ ಮಳೆ ಹಿಡಿಯಿತೆಂದರೆ ಮನೆಯಲ್ಲಿ ಒಬ್ಬರಿಗಾದರೂ ಜ್ವರ. ರಾತ್ರಿ ಕಾವಲಿಯಂತೆ ಸುಡುತ್ತಿದ್ದ ಮಗುವಿನ ಹಣೆ ಬೆಳಗಾಗುವಾಗ ತಣ್ಣಗಿರುತ್ತದೆ. ‘ಜ್ವರ ಬಿಟ್ಟಿತ್ ಕಾಂತ್’ ಎಂದು ಅಮ್ಮ ಗಂಜಿ ಉಣಿಸಿ, ಕೊಡೆ ಕೊಟ್ಟು ಶಾಲೆಗೆ ಕಳುಹಿಸುತ್ತಾಳೆ. ಸಂಜೆ ಮಗು ಮರಳುವುದು ಮತ್ತೆ ಜ್ವರದೊಂದಿಗೇ. ತಪ್ಪು ಮಳೆಯದು, ಇಲ್ಲವೇ ಔಷಧ ಕೊಟ್ಟ ಡಾಕ್ಟರದು! ನಿಜವಾಗಿ, ಆ ಜ್ವರ ಬಿಟ್ಟೇ ಇರಲಿಲ್ಲ.

ಮನುಷ್ಯನ ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ, ಹಗಲು ರಾತ್ರಿಗಳಿಗೆ ಹೊಂದಿಕೊಂಡು ನಡೆಯುವ ಗಡಿಯಾರವೊಂದಿದೆ. ಆರೋಗ್ಯವಂತರ ಮೈಬಿಸಿಯೂ ದಿನವಿಡೀ ಒಂದೇ ಸಮನಾಗಿರದು. ಬೆಳಗಿನ ಜಾವ ನಾಲ್ಕೈದು ಗಂಟೆಗೆ ಅತಿ ಕಡಿಮೆ, ಸಂಜೆಗೆ ಹೆಚ್ಚು. ಅಂತರ ಸುಮಾರು 1 ಡಿಗ್ರಿ ಫ್ಯಾರನ್‌ಹೀಟ್. ಇದೇ ಗಡಿಯಾರದ ಅಣತಿಯಂತೆ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಬೆಳಗಾಗುವ ಹೊತ್ತಿಗೆ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತವೆ. ರೋಗಾಣುಗಳೊಡನೆ ಹೋರಾಡುವ ಕಣಗಳ ಆರ್ಭಟವನ್ನು ಅದು ತಗ್ಗಿಸುತ್ತದೆ. ನಡುರಾತ್ರಿಗೆ ಕಾರ್ಟಿಸಾಲ್ ತೀರ ಇಳಿದಿರುತ್ತದೆ; ರಕ್ತದಲ್ಲಿ ಲಿಂಫೊಸೈಟ್ ಎಂಬ ಬಿಳಿ ಕಣಗಳು ಹೆಚ್ಚಿರುತ್ತವೆ. ಜ್ವರ, ಮೈಕೈ ನೋವು ಎಲ್ಲ ಬಹುಮಟ್ಟಿಗೆ ಈ ಹೋರಾಟದ ಗದ್ದಲವೇ. ಬೆಳಿಗ್ಗೆ ಗದ್ದಲ ಅಡಗಿತೆಂದರೆ ರೋಗಾಣು ಓಡಿತೆಂದಲ್ಲ.

ದಿನದಂತೆ ವರ್ಷದಲ್ಲೂ ಏರಿಳಿತವುಂಟು. 2015ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಹಲವು ದೇಶಗಳ 16,000ಕ್ಕೂ ಹೆಚ್ಚು ಜನರ ಮಾದರಿಗಳನ್ನು ಪರಿಶೀಲಿಸಿದರು. ನೋಡಿದ 22,822 ಜೀನ್‌ಗಳಲ್ಲಿ 5,136ರ ಚಟುವಟಿಕೆ ಋತುವಿನೊಡನೆ ಬದಲಾಗುತ್ತಿತ್ತು. ಯೂರೋಪಿನವರಲ್ಲಿ ಉರಿಯೂತಕ್ಕೆ ಸಂಬಂಧಿಸಿದ ಜೀನ್‌ಗಳು ಚಳಿಗಾಲದಲ್ಲಿ ಚುರುಕು. ಆಫ್ರಿಕಾದ ಗ್ಯಾಂಬಿಯಾದಲ್ಲಾದರೋ ರಕ್ತದ ನಿರೋಧಕ ಕಣಗಳು ಹೆಚ್ಚುವುದು ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ, ಸೊಳ್ಳೆಯೂ ಮಲೇರಿಯಾವೂ ಹೆಚ್ಚುವ ಕಾಲದಲ್ಲಿ. ನಮ್ಮ ಕರಾವಳಿಯ ಮಳೆಗಾಲವೂ ಹೆಚ್ಚುಕಡಿಮೆ ಅದೇ ತಿಂಗಳುಗಳದು. ಮಲೇರಿಯಾ, ಡೆಂಗಿ, ನಿಂತ ನೀರಿನಲ್ಲಿ ಕಾಲಿಟ್ಟವರಿಗೆ ತಗಲುವ ಇಲಿಜ್ವರ ಎಲ್ಲವೂ ಆಗಲೇ.

ನಿದ್ದೆಯ ಪಾತ್ರ ಇನ್ನೂ ಸ್ವಾರಸ್ಯದ್ದು. ಜರ್ಮನಿಯಲ್ಲಿ ನಡೆದು 2003ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ, ಹೆಪಟೈಟಿಸ್-ಎ ಲಸಿಕೆ ಪಡೆದ ರಾತ್ರಿ ನಿದ್ದೆ ಮಾಡಿದವರಲ್ಲಿ ನಾಲ್ಕು ವಾರಗಳ ಅನಂತರ ಕಂಡ ಪ್ರತಿಕಾಯಗಳು, ಜಾಗರಣೆ ಮಾಡಿದವರಿಗಿಂತ ಹತ್ತಿರಹತ್ತಿರ ಎರಡು ಪಟ್ಟು. ‘ನಾಳೆ ಟೆಸ್ಟ್ ಇದೆ’ ಎಂದು ಜ್ವರದ ಮಗುವನ್ನೂ ಬೆಳಗಿನ ಜಾವ ಎಬ್ಬಿಸಿ ಕೂರಿಸುವ ಮನೆಗಳು ಇಲ್ಲದಿಲ್ಲ. ಅಂಕ ಎಷ್ಟು ಬರುತ್ತದೋ, ಜ್ವರವಂತೂ ಇನ್ನೆರಡು ದಿನ ಉಳಿದೀತು.

ಜ್ವರವಿಳಿಸುವ ಮಾತ್ರೆಯಿಲ್ಲದೆ ಪೂರ್ತಿ 24 ಗಂಟೆ, ಎಂದರೆ ಒಂದು ಸಂಜೆಯನ್ನೂ ದಾಟಿ, ಮೈಬಿಸಿ ಏರದಿದ್ದರೆ ಮಾತ್ರ ಶಾಲೆಯ ಯೋಚನೆ ಮಾಡಬಹುದು. ಡೆಂಗಿಯಲ್ಲಿ ಅದೂ ಸಾಲದು. ಮೂರರಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುವ ಹೊತ್ತಿಗೇ ಅಪಾಯ ತಲೆದೋರುವುದುಂಟು. ಆಗ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಬೆಳಿಗ್ಗೆ ಮತ್ತು ಸಂಜೆಯ ಜ್ವರವನ್ನು ಗುರುತು ಮಾಡಿಟ್ಟರೆ ಡಾಕ್ಟರಿಗೂ ಅನುಕೂಲ.