‘ಕ್ರಿಮ್ಸನ್ ರಿವರ್ಸ್’ ಅಭಿಮಾನಿಗಳಿಗೆ ಉತ್ತರ

ಮಾತ್ಯೂ ಕಸೊವಿಟ್ಸ್ ನಿರ್ದೇಶಿಸಿದ ಫ್ರೆಂಚ್ ಥ್ರಿಲರ್ ‘ದಿ ಕ್ರಿಮ್ಸನ್ ರಿವರ್ಸ್’ (2000) ನಿರಾಸೆ ಮಾಡುತ್ತದೆ ಎಂದು ನಾನು ಬರೆದದ್ದಕ್ಕೆ ಅಭಿಮಾನಿಗಳು ಮುನಿದಿದ್ದಾರೆ. ಗಮನವಿಟ್ಟು ನೋಡಿದರೆ ಎಲ್ಲ ಅರ್ಥವಾಗುತ್ತದಂತೆ.

ಸರಿ, ಗಮನವಿಡೋಣ. (ಚಿತ್ರ ನೋಡದವರು ಈ ಪ್ಯಾರಾ ಬಿಟ್ಟುಬಿಡಿ.) ಆಲ್ಪ್ಸ್ ಬೆಟ್ಟಗಳ ನಡುವಿನ ವಿಶ್ವವಿದ್ಯಾಲಯದ ಊರಲ್ಲಿ ಕೈ ಕತ್ತರಿಸಿ, ಕಣ್ಣು ಕಿತ್ತ ಹೆಣವೊಂದು ಸಿಗುತ್ತದೆ. ತನಿಖೆಗೆ ಜ್ಯಾಂ ರೆನೋ ಬರುತ್ತಾರೆ. ಬೇರೊಂದೂರಲ್ಲಿ ವ್ಯಾನ್ಸಾಂ ಕಸೆಲ್, ಪುಟ್ಟ ಹುಡುಗಿಯ ಸಮಾಧಿ ಕೆಡಿಸಿದವರ ಬೆನ್ನು ಹತ್ತಿದ್ದಾರೆ. ಹೆಣದ ಕಣ್ಣುಗುಳಿಯಲ್ಲಿದ್ದದ್ದು ಹಳೆಯ ಆಮ್ಲಮಳೆಯ ನೀರು ಎಂಬ ಸುಳಿವು ಹಿಡಿದು ರೆನೋ ಹಿಮನದಿಗೆ ಹೋದರೆ ಅಲ್ಲಿ ಎರಡನೆಯ ಹೆಣ. ಇಲ್ಲಿಯವರೆಗೆ ನನ್ನದೂ ತಕರಾರಿಲ್ಲ, ಸುಳಿವು ಸೊಗಸಾಗಿದೆ. ಆದರೆ ಕಥೆಯ ಬೇರು ಇರುವುದು ಬೇರೆ ಕಡೆ. ತಮ್ಮತಮ್ಮಲ್ಲೇ ಮದುವೆಯಾಗುತ್ತ ಬಂದ ಪ್ರಾಧ್ಯಾಪಕರ ಮನೆತನಗಳಲ್ಲಿ ಮಕ್ಕಳು ರೋಗಿಷ್ಠರಾಗಿ ಹುಟ್ಟತೊಡಗಿದಾಗ, ಬೆಟ್ಟದ ಹಳ್ಳಿಗರ ಗಟ್ಟಿ ಕೂಸುಗಳನ್ನು ಆಸ್ಪತ್ರೆಯಲ್ಲೇ ಅದಲುಬದಲು ಮಾಡಲಾಗಿತ್ತು. ನಾಜಿಗಳ ತಳಿಶುದ್ಧಿಯ ಹುಚ್ಚು ಪದವಿಯ ಗೌನು ತೊಟ್ಟು ಉಳಿದುಕೊಂಡಿತ್ತು ಎಂಬ ಈ ಭಯಾನಕ ಆಲೋಚನೆಯನ್ನು ಚಿತ್ರ ಅವಸರದ ನಾಲ್ಕು ಮಾತಲ್ಲಿ ಮುಗಿಸುತ್ತದೆ. ಆ ಸಮಾಧಿಯ ಹುಡುಗಿಯ ಅವಳಿ ಸೋದರಿಯ ಗುಟ್ಟು ಕೊನೆಯಲ್ಲಿ, ಪಿಸ್ತೂಲು ಎತ್ತಿ ನಿಂತಾಗ ಹೊರಬೀಳುತ್ತದೆ. ನಾವು ಪ್ರಶ್ನೆ ಕೇಳುವಷ್ಟರಲ್ಲಿ ಹಿಮರಾಶಿಯೇ ಕುಸಿದು ಬರುತ್ತದೆ!

ಕಾದಂಬರಿ ಓದಿದರೆ ತಿಳಿಯುತ್ತದೆ ಎನ್ನುವವರಿಗೆ: ಕಾದಂಬರಿಕಾರ ಜ್ಯಾಂ-ಕ್ರಿಸ್ತೋಫ್ ಗ್ರಾಂಜೆ ಚಿತ್ರಕಥೆಗೂ ಕೈ ಹಾಕಿದ್ದಾರೆ. ಯಾವುದನ್ನು ಉಳಿಸಬೇಕೆಂದು ಅವರಿಗೇ ಗೊತ್ತಿರಬೇಕಿತ್ತು.

‘ದಿ ಬಿಗ್ ಸ್ಲೀಪ್’ (1946) ಕೂಡ ಗೋಜಲಲ್ಲವೇ ಎಂಬುದು ಜಾಣ ಪ್ರಶ್ನೆ. ಅದರಲ್ಲಿ ಕಾರು ಚಾಲಕನನ್ನು ಕೊಂದವರಾರೆಂದು ಮೂಲ ಲೇಖಕ ಚಾಂಡ್ಲರ್‌ಗೂ ಗೊತ್ತಿರಲಿಲ್ಲವೆಂಬ ಕಥೆ ಪ್ರಸಿದ್ಧ. ಆದರೆ ಬೋಗಾರ್ಟ್, ಬಕಾಲ್ ಎದುರುಬದುರು ಕೂತು ಮಾತಾಡುತ್ತಿದ್ದರೆ ಕೊಲೆಗಾರ ಯಾರಾದರೇನು! ಇಲ್ಲಿ ಪೊಲೀಸರಾಗಿ ನಟಿಸಿದ ಜ್ಯಾಂ ರೆನೋ ಮತ್ತು ವ್ಯಾನ್ಸಾಂ ಕಸೆಲ್ ಸರಿಯಾಗಿ ಜೊತೆಯಾಗುವ ಹೊತ್ತಿಗೆ ಅರ್ಧ ಚಿತ್ರವೇ ಕಳೆದಿರುತ್ತದೆ. ಅದಕ್ಕೆ ಮೊದಲು, ತಲೆ ಬೋಳಿಸಿದ ಪುಂಡರ ಜೊತೆ ಕಸೆಲ್‌ನ ಹೊಡೆದಾಟ. ಅದನ್ನು ಪೂರ್ತಿ ಕತ್ತರಿಸಿದರೂ ಕಥೆಗೆ ಗೊತ್ತಾಗುವುದಿಲ್ಲ.

ಫ್ರಾನ್ಸಿನಲ್ಲಿ 30 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾದದ್ದು ನಿಜ. ಟಿಕೆಟ್ಟನ್ನು ಜನ ಚಿತ್ರ ನೋಡುವ ಮೊದಲೇ ಕೊಳ್ಳುತ್ತಾರೆ.

ಛಾಯಾಗ್ರಹಣ, ಬ್ರೂನೋ ಕುಲೇ ಸಂಗೀತದ ಬಗ್ಗೆ ಅಭಿಮಾನಿಗಳು ಮೆಚ್ಚಿ ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಆದರೆ ಇದೇ ನಿರ್ದೇಶಕ ಇದೇ ಕಸೆಲ್‌ನನ್ನು ಇಟ್ಟುಕೊಂಡು 1995ರಲ್ಲಿ ‘ಲಾ ಏನ್’ ಮಾಡಿದ್ದ. ಪ್ಯಾರಿಸ್ ಹೊರವಲಯದ ಮೂವರು ಹುಡುಗರು, ಒಂದು ದಿನ, ಒಂದು ಪಿಸ್ತೂಲು, ಅಷ್ಟೇ. ಅದಕ್ಕೆ ಕಾನ್‌ನಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿಯೂ ಬಂತು. ‘ಕ್ರಿಮ್ಸನ್ ರಿವರ್ಸ್’ ಬೇರೆ ಯಾರದೋ ಆಗಿದ್ದರೆ ನಾನು ಇಷ್ಟು ಬರೆಯುತ್ತಲೂ ಇರಲಿಲ್ಲ.